ಘರ್ಮ, ಗರಂ, ತೆರ್ಮೆ

ಇಟಲಿಯ ಸಿಯೆನ ನಗರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟರೆ, ಓರ್ಚ ಹೊಳೆಯ ಕಣಿವೆಯ ಗೋದಿಹೊಲಗಳ ನಡುವೆ, ಸೈಪ್ರೆಸ್ ಮರಗಳ ಸಾಲು ಹತ್ತಿ ಇಳಿಯುವ ದಿಬ್ಬಗಳ ಮಗ್ಗುಲಲ್ಲಿ, ಕವಲುದಾರಿಗಳ ಫಲಕಗಳ ಮೇಲೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ತೆರ್ಮೆ. ಊರ ಹೆಸರಿನ ಕೊನೆಗೆ ಅದು, ಹೋಟೆಲಿನ ಹೆಸರಿನ ಮೊದಲಿಗೆ ಅದು, 'ತೆರ್ಮಾಲೆ' ಎಂಬ ವಿಶೇಷಣವಾಗಿ ನೀರಿಗೂ ಕೆಸರಿಗೂ ಕೊಳಕ್ಕೂ ಅಂಟಿಕೊಂಡಿರುವುದೂ ಅದೇ. ವಿಶ್ರಾಂತಿಗೆಂದು ಬಂದವರಿಗೆ ಅದರ ಅರ್ಥ ಸುಲಭ: ನೆಲದೊಳಗಿಂದ ಬಿಸಿನೀರು ಉಕ್ಕುವ ಜಾಗ, ಆ ನೀರಿನಲ್ಲಿ ಮೀಯುವ ಜಾಗ. ಪದಗಳ ಬೆನ್ನು ಹತ್ತುವ ನಮಗೆ ಮಾತ್ರ ಅಷ್ಟಕ್ಕೆ ತೃಪ್ತಿಯಿಲ್ಲ. ಏಕೆಂದರೆ ಈ ಪದದ ಒಡಹುಟ್ಟಿದವರು ವೇದದ ಯಜ್ಞಶಾಲೆಯಲ್ಲಿದ್ದಾರೆ, ನಮ್ಮ ಅಡುಗೆಮನೆಯ ಮಸಾಲೆಡಬ್ಬಿಯಲ್ಲಿದ್ದಾರೆ, ರಾಯಚೂರಿನ ವಿದ್ಯುತ್ ಸ್ಥಾವರದ ಹೆಸರಿನಲ್ಲೂ ಇದ್ದಾರೆ.

ಈ ಕಣಿವೆಯ ಹೋಟೆಲುಗಳಲ್ಲಿ ಅನೇಕವು ಹಿಂದೆ ಒಕ್ಕಲುಮನೆಗಳಾಗಿದ್ದವು. ಪ್ರಕೃತಿಗೆ ಹತ್ತಿರವಾಗಿರಬೇಕೆಂಬ ಈಗಿನ ಅಭಿರುಚಿಗೆ ತಕ್ಕಂತೆ ಅವನ್ನು ತಿದ್ದಿದ್ದಾರೆ: ಗಾರೆ ಬಳಿಯದ ಕಲ್ಲುಗೋಡೆ, ಚೆಸ್ಟ್‌ನಟ್ ಮರದ ತೊಲೆ, ಬುಗ್ಗೆಯ ಸುಣ್ಣವೇ ಹೆಪ್ಪುಗಟ್ಟಿ ಆದ ತ್ರಾವೆರ್ತೀನೊ ಕಲ್ಲಿನ ಕೊಳದಂಚು, ಆಲಿವ್ ಎಣ್ಣೆಯ ಅಭ್ಯಂಜನ, ಕಿಟಕಿಯ ಕೆಳಗೆ ಲ್ಯಾವೆಂಡರ್ ಪೊದೆ. ನಾನು ತಂಗಿದ್ದ ಮನೆಯೂ ಇಂಥದ್ದೇ. ಕಾಲಡಿಯ ಕೆಂಪು ಹಂಚಿಗೆ ಅವರು ತೆರ್ರಾಕೋತ್ತ ಎನ್ನುತ್ತಾರೆ, ಚಿಕ್ಕದಾಗಿ ಕೋತ್ತೊ. ಫ್ಲಾರೆನ್ಸಿನ ಹತ್ತಿರದ ಇಂಪ್ರುನೇತ ಎಂಬ ಊರು ಇದಕ್ಕೆ ಶತಮಾನಗಳಿಂದ ಹೆಸರುವಾಸಿ. ತೆರ್ರಾ ಎಂದರೆ ನೆಲ, ಮೂಲದಲ್ಲಿ 'ಒಣಗಿದ್ದು', ನಮ್ಮ ತೃಷೆಯ ಧಾತು. ಕೋತ್ತ ಎಂದರೆ ಬೆಂದದ್ದು, ನಮ್ಮ ಪಾಕ-ಪಕ್ವಗಳ ಧಾತು. ಹಾಗೆ ನೋಡಿದರೆ ಆ ಮನೆಯ ಬರಿಯ ನೆಲಹಾಸಿನಲ್ಲೇ ತೃಷೆಯೂ ಪಾಕವೂ ಒಟ್ಟಿಗೆ ಬಿದ್ದುಕೊಂಡಿವೆ. ಆದರೆ ನಾವು ಹೊರಟದ್ದು ತೆರ್ಮೆಯ ಬೆನ್ನು ಹಿಡಿದು.

ಮೊದಲು ವ್ಯಾಕರಣ. ತೆರ್ಮೆ ಸ್ತ್ರೀಲಿಂಗ, ಬಹುವಚನ. ವಾಡಿಕೆಯ ಮಾತಿನಲ್ಲಿ ಅದಕ್ಕೆ ಏಕವಚನವಿಲ್ಲ. ಲ್ಯಾಟಿನ್ನಿನ ಥೆರ್ಮೇ ಹಾಗೆಯೇ ಇತ್ತು. ಲ್ಯಾಟಿನ್ನಿಗೆ ಅದು ಬಂದದ್ದು ಗ್ರೀಕಿನಿಂದ. ಗ್ರೀಕಿನಲ್ಲಿ ಥೆರ್ಮೋಸ್ ಎಂದರೆ ಬಿಸಿಯಾದ, ಬರಿಯ ವಿಶೇಷಣ. 'ಬಿಸಿಯಾದ ನೀರುಗಳು', 'ಬಿಸಿಯಾದ ಮೀಹಗಳು' ಎನ್ನುವಲ್ಲಿ ವಿಶೇಷ್ಯ ಕ್ರಮೇಣ ಉದುರಿ, ವಿಶೇಷಣವೇ ನಾಮಪದವಾಗಿ ನಿಂತಿತು. ಇದು ನಮಗೆ ಹೊಸದಲ್ಲ. ಮಗ ಪಾಸಾದನೆಂದು ಬೀದಿಗೆಲ್ಲ 'ಸಿಹಿ' ಹಂಚುತ್ತೇವೆ, ಸಂಜೆಗೆ 'ಖಾರ' ಏನಾದರೂ ಇದೆಯೇ ಎಂದು ಕೇಳುತ್ತೇವೆ. ಗುಣ ಉಳಿದು ವಸ್ತು ಅದರೊಳಗೆ ಅಡಗುತ್ತದೆ. ಬಹುವಚನದ ಕತೆ ಇನ್ನೂ ಸೊಗಸು. ನೀರನ್ನು ಹೇಳುವ ಸಂಸ್ಕೃತದ ಅಪ್ ಶಬ್ದವೂ ಸ್ತ್ರೀಲಿಂಗ, ನಿತ್ಯ ಬಹುವಚನ: ಆಪಃ. ಹರಿಯುವುದನ್ನು, ಉಕ್ಕುವುದನ್ನು ಒಂದು ಎಂದು ಎಣಿಸಲು ಹಳೆಯ ನಾಲಗೆಗಳು ಒಪ್ಪಲಿಲ್ಲವೆಂದು ತೋರುತ್ತದೆ. ಅದರ ಪಕ್ಕದಲ್ಲಿ ನಮ್ಮ 'ನೀರು' ಎಷ್ಟೊಂದು ಸಂಯಮಿ; ಕೊಡದಲ್ಲಿದ್ದರೂ ಕಡಲಲ್ಲಿದ್ದರೂ ಅದು ಏಕವಚನವೇ.

ಈಗ ಬೇರು. ಸಂಸ್ಕೃತದ ಘರ್ಮ, ಗ್ರೀಕಿನ ಥೆರ್ಮೋಸ್, ಲ್ಯಾಟಿನ್ನಿನ ಫೊರ್ಮುಸ್, ಪಾರಸಿಯ ಗರ್ಮ್, ಆರ್ಮೇನಿಯನ್ನಿನ ಜೆರ್ಮ್, ಈ ಐದೂ ಒಂದೇ ಪದದ ಐದು ರೂಪಗಳು, ಐದಕ್ಕೂ ಬಿಸಿಯೇ ಅರ್ಥ. ಘ, ಥ, ಫ, ಗ, ಜ ಇಷ್ಟು ದೂರ ದೂರದ ಅಕ್ಷರಗಳು ಹೇಗೆ ಒಂದಾದವು ಎಂದು ಹುಬ್ಬೇರಿಸುವವರಿಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಹನನ ಎನ್ನುತ್ತೇವೆ, ಶತ್ರುಘ್ನ ಎನ್ನುತ್ತೇವೆ. ಹಂತಿ ಎಂದರೆ ಕೊಲ್ಲುತ್ತಾನೆ, ಘ್ನಂತಿ ಎಂದರೆ ಕೊಲ್ಲುತ್ತಾರೆ. ಒಂದೇ ಧಾತುವಿನಲ್ಲಿ ಹಕಾರವೂ ಘಕಾರವೂ ಅದಲುಬದಲಾಗುತ್ತವೆ. ಮೂಲ ನುಡಿಯಲ್ಲಿ ಘಕಾರವನ್ನು ತುಟಿ ದುಂಡಾಗಿಸಿ, ವಕಾರದ ನೆರಳು ಸೋಂಕಿಸಿ ಉಚ್ಚರಿಸುತ್ತಿದ್ದ ಒಂದು ಧ್ವನಿಯಿತ್ತು. ಅದು ಸಂಸ್ಕೃತದಲ್ಲಿ ಮುಂದಿನ ಸ್ವರ ಹೇಗಿತ್ತೆಂಬುದರ ಮೇಲೆ ಘ ಅಥವಾ ಹ ಆಯಿತು, ಗ್ರೀಕಿನಲ್ಲಿ ಎಕಾರದ ಮುಂದೆ ಥ ಆಯಿತು, ಲ್ಯಾಟಿನ್ನಿನಲ್ಲಿ ಪದಾದಿಯಲ್ಲಿ ಫ ಆಯಿತು. ವೇದದಲ್ಲಿ ಘರ್ಮದ ಜೊತೆಗೇ ಹರಸ್ ಎಂಬ ಪದ ಇದೆ, ಶಾಖ, ಜ್ವಾಲೆ ಎಂಬರ್ಥದಲ್ಲಿ. ಹನನಕ್ಕೂ ಘ್ನಕ್ಕೂ ಇರುವ ನಂಟೇ ಹರಸ್ಸಿಗೂ ಘರ್ಮಕ್ಕೂ. ಇಂಗ್ಲಿಷಿನ ವಾರ್ಮ್ ಈ ಕುಲದ್ದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆಕೃತಿ ಹೋಲುತ್ತದೆಂದು ಪಂಕ್ತಿಯಲ್ಲಿ ಕೂರಿಸುವುದು ನಮ್ಮ ಶಾಸ್ತ್ರಕ್ಕೆ ಸಲ್ಲದು.

ಲ್ಯಾಟಿನ್ನಿನಲ್ಲಿ ಸ್ವಂತದ ಫೊರ್ಮುಸ್ ಬಹು ಬೇಗ ಮರೆಯಾಯಿತು, ಬಿಸಿ ಎನ್ನಲು ಕಲಿದುಸ್ ಎಂಬ ಬೇರೆ ಪದ ನೆಲೆಯೂರಿತು, ಇಂದಿನ ಇಟಾಲಿಯನ್ನಿನ ಕಾಲ್ದೊ ಅದರ ಮಗ. ಆದರೆ ಫೊರ್ಮುಸ್ಸಿನ ದಾಯಾದಿಗಳು ಉಳಿದರು: ಒಲೆ ಎನ್ನುವ ಫುರ್ನುಸ್, ಕುಲುಮೆ ಎನ್ನುವ ಫೊರ್ನಾಕ್ಸ್. ಮೊದಲಿನದು ಇಟಾಲಿಯನ್ನಿನಲ್ಲಿ ಫೋರ್ನೊ, ರೊಟ್ಟಿ ಬೇಯಿಸುವ ಗೂಡೊಲೆ. ಎರಡನೆಯದು ಫೊರ್ನಾಚೆ, ಹಂಚು ಸುಡುವ ಗೂಡು. ನಾನು ತಂಗಿದ್ದ ಹೋಟೆಲಿನಲ್ಲಿ ಬೆಳಿಗ್ಗೆ ಅಡುಗೆಮನೆಯ ಕಡೆಯಿಂದ ಫೋರ್ನೊದ ಬ್ರೆಡ್ಡಿನ ವಾಸನೆ, ಹಿತ್ತಿಲ ಕೊಳದ ಕಡೆಯಿಂದ ತೆರ್ಮೆಯ ಗಂಧಕದ ವಾಸನೆ. ಎರಡೂ ಪದಗಳು ಒಂದೇ ಅಜ್ಜಿಯ ಮೊಮ್ಮಕ್ಕಳು; ಒಂದು ಹುಟ್ಟಿದ ಮನೆಯಲ್ಲೇ ಬೆಳೆಯಿತು, ಇನ್ನೊಂದು ಗ್ರೀಸಿಗೆ ಹೋಗಿ ಅಲ್ಲಿನ ಮಾತು ಕಲಿತು ಸಮುದ್ರ ದಾಟಿ ಬಂತು. ಅವು ನೆಂಟರೆಂಬುದನ್ನು ಇಟಲಿಯ ಮಾತುಗಾರರು ಮರೆತಿರಬಹುದು, ಪದಗಳೊಳಗಿನ ಬಿಸಿ ಮರೆತಿಲ್ಲ.

ನಮ್ಮ ಕಡೆ ಘರ್ಮದ ಬದುಕು ಎಷ್ಟು ಶಾಖೆ ಒಡೆಯಿತು ನೋಡೋಣ. ಋಗ್ವೇದದಲ್ಲಿ ಘರ್ಮವೆಂದರೆ ಕಾವು. ಜೊತೆಗೆ, ಕಾಯಿಸಿದ ಹಾಲು, ಆ ಹಾಲು ಕಾಯಿಸುವ ಪಾತ್ರೆ, ಆ ಪಾತ್ರೆಯ ಸುತ್ತಲಿನ ವಿಧಿ. ಪ್ರವರ್ಗ್ಯವೆಂಬ ಯಾಗಾಂಗದಲ್ಲಿ ಮಹಾವೀರವೆಂಬ ಮಣ್ಣಿನ ಪಾತ್ರೆಯನ್ನು ತುಪ್ಪ ಹಾಕಿ ಕೆಂಡದ ನಡುವೆ ಕಾಯಿಸಿ, ಅದರೊಳಕ್ಕೆ ಹಸುವಿನ ಹಾಲನ್ನೂ ಆಡಿನ ಹಾಲನ್ನೂ ಸುರಿದಾಗ ಉರಿ ಭುಗ್ಗೆಂದು ಕಂಬವಾಗಿ ಏಳುತ್ತದೆ. ಆ ಹಾಲು ಅಶ್ವಿನೀದೇವತೆಗಳಿಗೆ. ಇದೇ ಅಶ್ವಿನಿಗಳು ಸುಡುವ ಕುಳಿಗೆ ಬಿದ್ದಿದ್ದ ಅತ್ರಿಯನ್ನು ಕಾಪಾಡಿದರೆಂಬ ಕತೆ ವೇದದಲ್ಲಿ ಹಲವು ಕಡೆ ಬರುತ್ತದೆ. ಮೊದಲ ಮಂಡಲದ ಒಂದು ಸೂಕ್ತ, ಅತ್ರಿಗಾಗಿ ಅವರು ಕಾದ ಘರ್ಮವನ್ನು ಹಿತವಾಗಿಸಿದರೆಂದು ಹೇಳುವಾಗ, ತಪ್ತ ಮತ್ತು ಘರ್ಮ ಎಂಬ ಎರಡು ಪದಗಳನ್ನು ಒತ್ತೊತ್ತಾಗಿ ಇಡುತ್ತದೆ. ಸುಡುವ ಕಾವನ್ನು ಮೈಗೆ ಹಿತವಾಗುವಷ್ಟಕ್ಕೆ ಇಳಿಸುವುದು ದೇವವೈದ್ಯರ ಕೆಲಸ. ಆ ಎರಡು ಪದಗಳನ್ನು ನೆನಪಿಡೋಣ, ರೋಮಿನಲ್ಲಿ ಮತ್ತೆ ಜೋಡಿಯಾಗಿ ಸಿಗುತ್ತವೆ.

ಮುಂದೆ ಘರ್ಮ ಯಜ್ಞಶಾಲೆ ಬಿಟ್ಟು ಋತುಚಕ್ರಕ್ಕೆ ಬಂತು. ಕಾವ್ಯದಲ್ಲಿ ಘರ್ಮವೆಂದರೆ ಬೇಸಗೆ, ಘರ್ಮಾಂತವೆಂದರೆ ಮಳೆಗಾಲದ ಆರಂಭ, ಘರ್ಮಾಂಶುವೆಂದರೆ ಸೂರ್ಯ. ಅಲ್ಲಿಂದ ಮನುಷ್ಯನ ಮೈಗೆ ಇಳಿದು ಬೆವರಾಯಿತು: ಘರ್ಮಜಲ, ಘರ್ಮಬಿಂದು. ಕೋಶಕಾರ ಅಮರಸಿಂಹ ಘರ್ಮ, ನಿದಾಘ, ಸ್ವೇದಗಳನ್ನು ಒಂದೇ ಉಸಿರಿನಲ್ಲಿ ಹೇಳುವಷ್ಟು ಆ ಅರ್ಥ ಗಟ್ಟಿಯಾಗಿತ್ತು. ಕಾರಣದ ಹೆಸರು ಕಾರ್ಯಕ್ಕೆ ಬಂತು, ಶಾಖದ ಹೆಸರು ಶಾಖ ಹೊರಡಿಸಿದ ನೀರಿಗೆ ಬಂತು. ಪ್ರಾಕೃತದಲ್ಲಿ ಅದು ಘಮ್ಮ, ಘಮ್ಮದಿಂದ ಘಾಮ. ಮರಾಠಿಯವರಿಗೂ ಬಂಗಾಳಿಯವರಿಗೂ ನಮ್ಮ ಕರಾವಳಿಯ ಕೊಂಕಣಿಯವರಿಗೂ ಘಾಮವೆಂದರೆ ಬೆವರು. ಹಿಂದಿಯವರಿಗೆ ಅದೇ ಪದ ಬಿಸಿಲು. ನೇಪಾಳಿಯವರಿಗೆ ಬಿಸಿಲೂ ಹೌದು, ಆಕಾಶದ ಸೂರ್ಯನೂ ಹೌದು. ಬಯಲ ಸೆಕೆಯಲ್ಲಿ ಬದುಕುವವರ ನಾಲಗೆಯಲ್ಲಿ ಬೆವರಾದ ಪದ, ಚಳಿಯ ಬೆಟ್ಟಗಳಲ್ಲಿ ದಿನವೂ ಎದುರು ನೋಡುವ ಸೂರ್ಯನಾಗಿ ಉಳಿಯಿತಲ್ಲ ಎಂದು ಹಿಗ್ಗಬೇಕೆನಿಸುತ್ತದೆ. ಬಂಗಾಳವೂ ಹಿಂದಿಯ ನಾಡೂ ಸೆಕೆಯಲ್ಲಿ ಒಂದಕ್ಕೊಂದು ಕಡಿಮೆಯೇನಲ್ಲವಾದ್ದರಿಂದ ಇದನ್ನು ಸೂತ್ರವಾಗಿ ಹೇಳಲಾಗದು.

ಪಾರಸಿಯ ದಾರಿ ಬೇರೆ. ಅಲ್ಲಿ ಗರ್ಮ್ ಬಿಸಿಯಾಗಿಯೇ ಉಳಿಯಿತು. ಗರ್ಮಾಬ ಎಂದರೆ ಸ್ನಾನಗೃಹ, ಗರ್ಮ್ ಮತ್ತು ಆಬ್ ಕೂಡಿ. ಆಬ್ ಎಂದರೆ ಸಂಸ್ಕೃತದ ಆಪಃ. ಘರ್ಮವೂ ಆಪವೂ ಕೂಡಿ ಆದ ಆ ಪಾರಸಿ ಪದವೂ ಓರ್ಚ ಕಣಿವೆಯ ಕೊಳದ ದಡದ ತೆರ್ಮೆಯೂ ಒಂದೇ ವಸ್ತುವನ್ನು ಒಂದೇ ಧಾತುವಿನಿಂದ ಹೇಳುತ್ತವೆ. ಇದೇ ಗರ್ಮ್ ದಖನಿ-ಹಿಂದೂಸ್ತಾನಿಗಳ ಹಾದಿಯಲ್ಲಿ ಕನ್ನಡಕ್ಕೆ ಬಂದು ಗರಂ ಆಯಿತು. ಗರಂ ಮಸಾಲೆ ಒಗ್ಗರಣೆಗೆ ಬಿತ್ತು, ಗರಮಾಗರಂ ಬೋಂಡ ತಟ್ಟೆಗೆ ಬಂತು, ಪತ್ರಿಕೆಗಳ ತಲೆಬರಹದಲ್ಲಿ ಮಂತ್ರಿಗಳು ಅಧಿಕಾರಿಗಳ ಮೇಲೆ ಗರಂ ಆದರು. ಘರ್ಮ ಕನ್ನಡದಲ್ಲಿ ಹಳಗನ್ನಡ ಕಾವ್ಯದ ಗಾಂಭೀರ್ಯ ಹೊತ್ತು ಕುಳಿತಿರುವಾಗ ಅದರ ತಮ್ಮ ಗರಂ ಸಂತೆಯಲ್ಲಿ ಓಡಾಡುತ್ತಾನೆ. ಇಷ್ಟಕ್ಕೇ ಮುಗಿಯಲಿಲ್ಲ. ಇಂಗ್ಲಿಷಿನ ಬಾಗಿಲಿನಿಂದ ಗ್ರೀಕಿನ ಕವಲೂ ಒಳಬಂತು: ಜ್ವರ ನೋಡುವ ಥರ್ಮಾಮೀಟರ್, ಕಾಫಿ ತುಂಬುವ ಥರ್ಮಾಸ್, ರಾಯಚೂರಿನ ಥರ್ಮಲ್. ಲ್ಯಾಟಿನ್ನಿನ ಕವಲೂ ಬಂತು: ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಫರ್ನೇಸ್, ಫೊರ್ನಾಕ್ಸಿನ ಮೊಮ್ಮಗ. ಒಂದೇ ಪದ ನಾಲ್ಕು ಬಾಗಿಲಿನಿಂದ ಬಂದು ನಾಲ್ಕು ವೇಷದಲ್ಲಿ ಕನ್ನಡದೊಳಗೆ ಸಂಸಾರ ಹೂಡಿದೆ. ಇಂಥ ಅತಿಥಿಸತ್ಕಾರ ಎಲ್ಲ ಭಾಷೆಗೂ ಒದಗುವುದಿಲ್ಲ.

ಮತ್ತೆ ಇಟಲಿಗೆ. ಗ್ರೀಕರಿಗೆ ಥೆರ್ಮೈ ಎಂದರೆ ಮುಖ್ಯವಾಗಿ ನೆಲದ ಬಿಸಿನೀರು. ಪಾರಸಿಕರ ದಂಡನ್ನು ಸ್ಪಾರ್ಟದವರು ಕ್ರಿ.ಪೂ. 480ರಲ್ಲಿ ತಡೆದು ನಿಂತ ಕಣಿವೆ ಥೆರ್ಮಾಪಿಲೆ, ಬಿಸಿಯ ಬಾಗಿಲುಗಳು. ಅಲ್ಲಿ ಬಿಸಿನೀರ ಬುಗ್ಗೆಗಳಿದ್ದವು, ಇಂದಿಗೂ ಇವೆ. ರೋಮನರ ಕೈಗೆ ಸಿಕ್ಕ ಪದ ಅರ್ಥ ಬದಲಿಸಿತು. ಬುಗ್ಗೆಯಿರುವ ಊರಿಗೆ ಅವರು ಅಕ್ವೇ, ನೀರುಗಳು, ಎಂದು ಬಹುವಚನದಲ್ಲೇ ಹೆಸರಿಟ್ಟರು. ಮನೆಯ ಅಥವಾ ಬೀದಿಯ ಚಿಕ್ಕ ಬಚ್ಚಲಿಗೆ ಬಾಲ್ನೆಯುಂ ಎಂದರು. ಥೆರ್ಮೇ ಎಂಬ ಗ್ರೀಕ್ ಪದವನ್ನು ಮಾತ್ರ ನಗರದ ನಡುವೆ ಕಟ್ಟಿದ, ಸೌದೆ ಉರಿಸಿ ಕಾಯಿಸಿದ, ಗ್ರಂಥಾಲಯವೂ ವ್ಯಾಯಾಮದ ಅಂಗಳವೂ ಇದ್ದ ಮಹಾಕಟ್ಟಡಗಳಿಗೆ ಮೀಸಲಿಟ್ಟರು. ಸೇನಾಪತಿ ಅಗ್ರಿಪ್ಪ ಕಟ್ಟಿಸಿದ ಥೆರ್ಮೇಗೆ ಕ್ರಿ.ಪೂ. 19ರಲ್ಲಿ ಅಕ್ವಾ ವಿರ್ಗೊ ಕಾಲುವೆಯ ನೀರು ಬಂತು, ಚಕ್ರವರ್ತಿ ಕಾರಕಲ್ಲನದು ಕ್ರಿ.ಶ. 216ರಲ್ಲಿ ತೆರೆಯಿತು, ಡಯೋಕ್ಲೀಷಿಯನ್ನನದು 306ರ ಹೊತ್ತಿಗೆ ಮುಗಿಯಿತು. ಪ್ರಕೃತಿಯ ಪದ ಹೀಗೆ ಇಟ್ಟಿಗೆ-ಗಾರೆಯ ಪದವಾಯಿತು. ಒಳಗಿನ ಕೋಣೆಗಳು ಮೂರು: ತಣ್ಣೀರಿನ ಫ್ರಿಗಿದಾರಿಯುಂ, ಬಿಸಿಯ ಕಲ್ದಾರಿಯುಂ, ನಡುವೆ ಬೆಚ್ಚನೆಯ ತೆಪಿದಾರಿಯುಂ. ತೆಪಿದುಸ್ ಎಂಬುದರ ಧಾತು ನಮ್ಮ ತಪ್. ತಾಪ, ತಪ್ತ, ತಪಸ್ಸುಗಳ ತಪ್. ನಮ್ಮಲ್ಲಿ ಏರಿದ ಉರಿಯಾಗಿ, ಋಷಿಯ ಕಠೋರ ವ್ರತವಾಗಿ ನಿಂತ ಧಾತು ಅವರಲ್ಲಿ ಉಗುರುಬೆಚ್ಚಗೆ ತಗ್ಗಿತು. ಅತ್ರಿಯ ಸೂಕ್ತದ ಆ ಜೋಡಿಪದಗಳು ರೋಮಿನಲ್ಲಿ ಹೀಗೆ ಒಂದೇ ಸೂರಿನಡಿ ಬಂದವು: ಥೆರ್ಮೇಯೊಳಗೆ ತೆಪಿದಾರಿಯುಂ, ಘರ್ಮದೊಳಗೆ ತಪ್ತ.

ಡಯೋಕ್ಲೀಷಿಯನ್ನನ ಥೆರ್ಮೇಯ ಹೆಸರು ಆ ಬಡಾವಣೆಗೆ ಅಂಟಿ, ಬಡಾವಣೆಯ ಹೆಸರು ರೈಲು ನಿಲ್ದಾಣಕ್ಕೆ ಅಂಟಿ, ರೋಮಾ ತೆರ್ಮಿನಿ ಆಯಿತು. ರೈಲುಗಳು ಅಲ್ಲಿ ಕೊನೆಗೊಳ್ಳುವುದರಿಂದ 'ಕೊನೆ' ಎನ್ನುವ ತೆರ್ಮಿನುಸ್ಸಿನಿಂದಲೇ ಆ ಹೆಸರೆಂದು ಎಷ್ಟೋ ಜನ ನಂಬಿದ್ದಾರೆ. ನಂಬಿಕೆ ಸರಿಯಲ್ಲ, ಆದರೂ ಅದರ ಬೇರು ಅಗೆದರೆ ಒಂದು ನಿಧಿಯಿದೆ. ತೆರ್ಮಿನುಸ್ ಬಂದದ್ದು ದಾಟು ಎನ್ನುವ ಧಾತುವಿನಿಂದ, ಅದು ಸಂಸ್ಕೃತದ ತೄ; ತರಣ, ತಾರಕ, ಉತ್ತರಿಸು, ಕೊನೆಗೆ ತೀರ್ಥ, ನದಿಯನ್ನು ದಾಟುವ ಜಾಗ, ಇಳಿದು ಮೀಯುವ ಜಾಗ. ತಪ್ಪು ವ್ಯುತ್ಪತ್ತಿಯ ಹಿಂದೆ ನಡೆದರೂ ಕನ್ನಡಿಗನ ಕಾಲು ನೀರಿಗೇ ಮುಟ್ಟುತ್ತದೆ.

ರೋಮ್ ಕುಸಿಯಿತು, ಕಾಲುವೆಗಳು ಬತ್ತಿದವು, ಕಟ್ಟಡವಿಲ್ಲದೆ ಥೆರ್ಮೇ ಎಂಬ ಪದಕ್ಕೂ ಜನರ ಮಾತಿನಲ್ಲಿ ಕೆಲಸ ಕಡಿಮೆಯಾಯಿತು. ಉಳಿದದ್ದು ಬಾಲ್ನೆಯುಂ. ಅದು ಸವೆದು ಬಾನ್ಯೊ ಆಗಿ, ನಗರದ ಬಚ್ಚಲನ್ನೂ ಬೆಟ್ಟದ ಬುಗ್ಗೆಯನ್ನೂ ಒಟ್ಟಿಗೆ ಹೊತ್ತುಕೊಂಡಿತು. ಸುಮಾರು 1200ರ ಹೊತ್ತಿಗೆ ಪಿಯೆತ್ರೊ ದ ಎಬೊಲಿ ನೇಪಲ್ಸ್ ಬಳಿಯ ಪೊತ್ಸುವೊಲಿಯ ಬುಗ್ಗೆಗಳ ಮೇಲೆ ಲ್ಯಾಟಿನ್ ಪದ್ಯ ಬರೆದಾಗ ಅವನ ಶೀರ್ಷಿಕೆಯಲ್ಲಿದ್ದದ್ದು ಬಾಲ್ನೆಯುಂ. ವೆನಿಸ್ಸಿನಲ್ಲಿ 1553ರಲ್ಲಿ ಬುಗ್ಗೆಗಳ ಕುರಿತ ಬರಹಗಳನ್ನೆಲ್ಲ ಕೂಡಿಸಿ ಅಚ್ಚಿಸಿದ ದೊಡ್ಡ ಸಂಪುಟದ ಹೆಸರಿನಲ್ಲೂ ಅದೇ. ಅದೇ ವೆನಿಸ್ಸಿನಲ್ಲಿ 1571ರಲ್ಲಿ ಆಂದ್ರೆಯ ಬಾಚ್ಚಿ ಎಂಬ ವೈದ್ಯನ ಪುಸ್ತಕ ಬಂತು, ಹೆಸರು 'ದೆ ಥೆರ್ಮಿಸ್'. ಪ್ರಾಚೀನ ರೋಮನ್ನು ಮತ್ತೆ ಕನಸುತ್ತಿದ್ದ ಕಾಲ ಅದು. ಪಂಡಿತರು ಹಳೆಯ ಪದವನ್ನು ಹುಡುಕಿ ತಂದು, ಈ ಬಾರಿ ನೆಲದ ನೀರಿಗೂ ಹೊದಿಸಿದರು. ಒಂದು ಪುಸ್ತಕದಿಂದ ಪದ ಬದಲಾಗುವುದಿಲ್ಲ, ನಿಜ. ಆದರೆ ಎರಡು ಶೀರ್ಷಿಕೆಗಳ ನಡುವಿನ ಆ ಹದಿನೆಂಟು ವರ್ಷ ನೋಡಿದಾಗಲೆಲ್ಲ ಪದವೊಂದು ನಿದ್ದೆಯಿಂದ ಮಗ್ಗುಲಾಗುವುದು ನನಗೆ ಕಾಣುತ್ತದೆ.

ಜನ ಮಾತ್ರ ಬಾನ್ಯೊ ಎನ್ನುತ್ತಲೇ ಇದ್ದರು. ಪ್ರಬಂಧವೆಂಬ ಪ್ರಕಾರಕ್ಕೆ ಮೂಲಪುರುಷನಾದ ಫ್ರಾನ್ಸಿನ ಮಾಂಟೇನ್, ಮೂತ್ರಪಿಂಡದ ಕಲ್ಲಿನ ನೋವಿಗೆ ಔಷಧ ಹುಡುಕುತ್ತ, 1581ರ ಬೇಸಗೆಯಲ್ಲಿ ಲುಕ್ಕ ನಗರದ ಬಳಿಯ ಬುಗ್ಗೆಗಳ ಊರಿನಲ್ಲಿ ಎರಡು ಬಾರಿ ಬಂದು ಉಳಿದ. ಎಷ್ಟು ನೀರು ಕುಡಿದೆ, ಮೈ ಏನೆಂದಿತು ಎಂದು ದಿನಚರಿಯಲ್ಲಿ ಲೆಕ್ಕವಿಟ್ಟ; ಅಲ್ಲಿದ್ದಾಗಲೇ ಫ್ರೆಂಚ್ ಬಿಟ್ಟು ಇಟಾಲಿಯನ್ನಿನಲ್ಲಿ ಬರೆಯತೊಡಗಿದ; ಬೋರ್ಡೊ ನಗರದ ಮೇಯರಾಗಿ ತನ್ನನ್ನು ಆರಿಸಿದ್ದಾರೆಂಬ ಸುದ್ದಿ ಅವನಿಗೆ ತಲುಪಿದ್ದೂ ಅಲ್ಲೇ. ಆ ಊರು ಇಂದಿಗೂ ಬಾನ್ಯಿ ದಿ ಲುಕ್ಕ, ಹಳೆಯ ಪದವನ್ನು ಬಿಟ್ಟುಕೊಟ್ಟಿಲ್ಲ. ಬೇರೆ ಊರುಗಳು ಬಿಟ್ಟುಕೊಟ್ಟವು. ಬಾನ್ಯಿ ದಿ ಮೊಂತೆಕತೀನಿ 20ನೆಯ ಶತಮಾನದಲ್ಲಿ ಮೊಂತೆಕತೀನಿ ತೆರ್ಮೆ ಆಯಿತು, ಬಾನ್ಯಿ ಸಾನ್ ಜುಲಿಯಾನೊ ಎಂಬುದು ಸಾನ್ ಜುಲಿಯಾನೊ ತೆರ್ಮೆ ಆಯಿತು. ಅಷ್ಟರಲ್ಲಿ ಬಾನ್ಯೊ ಎಂದರೆ ಮನೆಯ ಬಚ್ಚಲು-ಪಾಯಿಖಾನೆ ಎಂಬ ಅರ್ಥ ಬಲಿತಿತ್ತು. ದಿನಬಳಕೆಯ ಪದ ಮನೆಯೊಳಗಿನ ಕೋಣೆಗೆ ಇಳಿದಂತೆ, ಪಂಡಿತರ ಪದ ಊರ ಬಾಗಿಲಿಗೆ ಏರಿತು. ಬಚ್ಚಲು ಎಂಬ ನಮ್ಮ ಪದವೂ ಹೊಲಸು ನೀರಿನ ಅರ್ಥದ ಕಡೆ ಜಾರಿ, ಮಾತಿನಲ್ಲಿ ಬಾತ್‌ರೂಮಿಗೆ ಜಾಗ ಬಿಡುತ್ತಿರುವುದನ್ನು ನಾವು ಕಣ್ಣಾರೆ ನೋಡುತ್ತಿಲ್ಲವೇ?

ಓರ್ಚ ಕಣಿವೆಯ ಬಾನ್ಯೊ ವಿನ್ಯೋನಿ ಎಂಬ ಹಳ್ಳಿ ಹಳೆಯ ಹೆಸರು ಬಿಡದವುಗಳಲ್ಲಿ ಒಂದು. ಊರ ನಡುವೆ ಚೌಕ ಇರಬೇಕಾದ ಕಡೆ ಕಲ್ಲುಕಟ್ಟೆಯ ದೊಡ್ಡ ಕೊಳವಿದೆ, ಸುತ್ತ ಮನೆಗಳು, ಹೋಟೆಲುಗಳು. ನೆಲದಿಂದ ನೀರು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಕಾವಿನಲ್ಲಿ ಬರುತ್ತದೆ. ಸಿಯೆನದ ಸಂತ ಕ್ಯಾಥರಿನ್ ಬಂದಿದ್ದಳು, ಫ್ಲಾರೆನ್ಸಿನ ಲೊರೆಂತ್ಸೊ ಮೆದಿಚಿ ಬಂದಿದ್ದ. ಕೊಳದಿಂದ ಹೊರಬಿದ್ದ ನೀರು ಬಂಡೆಯಲ್ಲಿ ಕೊರೆದ ಕಾಲುವೆಗಳಲ್ಲಿ ಹರಿದು ಕೆಳಗಿನ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿತ್ತು. ಗಿರಣಿಗಳು ನಿಂತಿವೆ, ನೀರು ನಿಂತಿಲ್ಲ. ಆ ಕೊಳದಲ್ಲಿ ಈಗ ಇಳಿಯುವಂತಿಲ್ಲ, ಈಜಕೂಡದು. ಈಜುವುದಕ್ಕೆ ಅವರ ಪದ ನುವೊತಾರೆ. ಅದರ ಲ್ಯಾಟಿನ್ ಧಾತು ನಾ, ಸಂಸ್ಕೃತದಲ್ಲಿ ಸ್ನಾ. ನಮ್ಮಲ್ಲಿ ಮಿಂದು ಶುಚಿಯಾಗುವುದಕ್ಕೆ ನಿಂತ ಸ್ನಾನ ಅವರಲ್ಲಿ ಕೈಕಾಲು ಬಡಿದು ತೇಲುವುದಾಯಿತು.

ಇದೇ ಕೊಳದಲ್ಲಿ ಆಂದ್ರೇಯ್ ತಾರ್ಕೋವ್ಸ್ಕಿ 1983ರ 'ನೊಸ್ತಾಲ್ಗಿಯ' ಚಲನಚಿತ್ರದ ದೃಶ್ಯಗಳನ್ನು ತೆಗೆದದ್ದು. ಆ ಹೆಸರನ್ನೂ ಮುಟ್ಟದೆ ಹೋಗಲಾರೆ. ನೋಸ್ತೋಸ್ ಎಂದರೆ ಗ್ರೀಕಿನಲ್ಲಿ ಕ್ಷೇಮವಾಗಿ ಮನೆಗೆ ಮರಳುವುದು, ಅಲ್ಗೋಸ್ ಎಂದರೆ ನೋವು. ಎರಡನ್ನೂ ಹೊಸೆದು 1688ರಲ್ಲಿ ಯೊಹಾನೆಸ್ ಹೋಫರ್ ಎಂಬಾತ ಮನೆಹಂಬಲವೆಂಬ ಬೇನೆಗೆ ಹೆಸರಿಟ್ಟ. ನೋಸ್ತೋಸ್‌ನ ಧಾತು ನೆಸ್. ಅಶ್ವಿನಿಗಳ ಹಳೆಯ ಹೆಸರಾದ ನಾಸತ್ಯ ಎಂಬುದನ್ನು ಇದೇ ಧಾತುವಿಗೆ ಜೋಡಿಸಿ, 'ಕ್ಷೇಮವಾಗಿ ಮನೆ ಮುಟ್ಟಿಸುವವರು' ಎಂದು ಅರ್ಥ ಹೇಳುವ ವಿದ್ವಾಂಸರಿದ್ದಾರೆ. ಸುಡುವ ಕುಳಿಯಿಂದ ಅತ್ರಿಯನ್ನು ಎತ್ತಿದವರು, ಘರ್ಮದ ಹಾಲು ಕುಡಿದವರು ಅವರೇ. ಜೋಡಣೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲ; ಆಗಲಿ ಎಂದು ಹಾರೈಸುವವರ ಪೈಕಿ ನಾನು.

ಈ ಕಣಿವೆಯ ನೀರಿನ ಬಿಸಿಗೆ ಕಾರಣ 1,738 ಮೀಟರು ಎತ್ತರದ ಅಮಿಯಾತ ಬೆಟ್ಟ, ಆರಿದ ಜ್ವಾಲಾಮುಖಿ. ಅದರ ಬುಡದ ಬಾನ್ಯಿ ಸಾನ್ ಫಿಲಿಪ್ಪೊದಲ್ಲಿ ಬುಗ್ಗೆಯ ಸುಣ್ಣ ಕಾಡಿನ ನಡುವೆ ಬಿಳಿಯ ಬಂಡೆಯಾಗಿ ಇಳಿದಿದೆ. ಇನ್ನೂ ದಕ್ಷಿಣಕ್ಕೆ ಸತುರ್ನಿಯದಲ್ಲಿ 37.5 ಡಿಗ್ರಿಯ ಗಂಧಕದ ನೀರು ಹಳೆಯ ಗಿರಣಿಯ ಪಕ್ಕದಲ್ಲಿ ಬಟ್ಟಲು ಬಟ್ಟಲಾಗಿ ಧುಮುಕುತ್ತದೆ. ಮನುಷ್ಯನ ಮೈಕಾವಿಗೂ ಆ ನೀರಿನ ಕಾವಿಗೂ ಹೆಚ್ಚು ಅಂತರವಿಲ್ಲದ್ದರಿಂದ ಇಳಿದವರಿಗೆ ತಮ್ಮ ಚರ್ಮ ಎಲ್ಲಿ ಮುಗಿಯಿತು, ನೀರು ಎಲ್ಲಿ ತೊಡಗಿತು ಎಂಬುದು ತಿಳಿಯದು. ವಾಯವ್ಯಕ್ಕೆ ಲಾರ್ದೆರೆಲ್ಲೊ ಎಂಬಲ್ಲಿ ನೀರಲ್ಲ, ಹಬೆಯೇ ಬುಸುಗುಟ್ಟುತ್ತ ಬರುತ್ತದೆ. 1904ರಲ್ಲಿ ಪಿಯೆರೊ ಜಿನೋರಿ ಕೊಂತಿ ಆ ಹಬೆಯಿಂದ ಯಂತ್ರ ತಿರುಗಿಸಿ ಐದು ದೀಪ ಬೆಳಗಿಸಿ ತೋರಿಸಿದ. ಇಂಥ ಹಬೆಯ ಶಕ್ತಿಯ ಹೆಸರಿನಲ್ಲಿ ನಮ್ಮ ಪದಕ್ಕೆ ಹೊಸ ಹೆಗಲು ಸಿಕ್ಕಿದೆ, ಭೂಮಿ ಎನ್ನುವ ಗೇ ಜೊತೆ ಸೇರಿ ಜಿಯೋಥರ್ಮಲ್. ಭೂಘರ್ಮ ಎಂದರೆ ಕನ್ನಡದಲ್ಲಿ ಭೂಮಿಯ ಬೆವರು ಎಂದಾದೀತು. ಹಬೆಯನ್ನು ನೋಡಿದವರಿಗೆ ಅದೂ ತಪ್ಪೆನಿಸಲಾರದು.

ಬಿಸಿಯನ್ನು ಹೇಳಲು ದ್ರಾವಿಡ ನುಡಿಗಳಿಗೆ ಸ್ವಂತದ ಬೇರಿದೆ. ಬೇ ಎಂಬ ಧಾತು: ಬೇಯು, ಬೇಗೆ, ಬೇಸಗೆ, ಬೆಂಕಿ. ಬೆಂ ಮತ್ತು ನೀರ್ ಕೂಡಿ ಹಳಗನ್ನಡದ ಬೆನ್ನೀರ್, ತಮಿಳಿನ ವೆನ್ನೀರ್, ತುಳುವಿನ ಬೆಂದ್ರ್. ಕನ್ನಡಿಗರು ಬೆನ್ನೀರನ್ನು ಬಿಟ್ಟು ಬಿಸಿನೀರನ್ನು ಹಿಡಿದರು, ತುಳುವರು ಬಿಡಲಿಲ್ಲ. ಪುತ್ತೂರಿನ ಬಳಿಯ ಇರ್ದೆಯಲ್ಲಿ ಬೆಂದ್ರ್ ತೀರ್ಥ ಎಂಬ ಬಿಸಿನೀರ ಬುಗ್ಗೆಯಿದೆ. ತುಳುವಿನ ಬೆಂದ್ರ್, ಸಂಸ್ಕೃತದ ತೀರ್ಥ. ಒಂದು ಬೇ ಧಾತುವಿನದು, ಇನ್ನೊಂದು ತೆರ್ಮಿನುಸ್ಸಿನ ನೆಂಟ. ಆ ಕೂಡುಪದವನ್ನು ಉಚ್ಚರಿಸುವಾಗ ನಮ್ಮ ಕರಾವಳಿಯೂ ರೋಮಿನ ರೈಲು ನಿಲ್ದಾಣವೂ ನನ್ನ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ.

ಈಗ ತೆರ್ಮೆಯ ಎದುರಾಳಿ ಪದಕ್ಕೆ ಬರೋಣ: ಸ್ಪಾ. ಇದು ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸಾಲಿನ ಒಂದು ಊರಿನ ಹೆಸರು. ಅಲ್ಲಿನ ಕಬ್ಬಿಣದಂಶದ ನೀರು ಕುಡಿಯಲು ಯುರೋಪಿನ ಸಿರಿವಂತರೆಲ್ಲ ಹೋಗುತ್ತಿದ್ದರು, ರಷ್ಯದ ಚಕ್ರವರ್ತಿ ಪೀಟರ್ 1717ರಲ್ಲಿ ಹೋಗಿದ್ದ. ಇಂಗ್ಲಿಷರು ಊರ ಹೆಸರನ್ನೇ ಅಂಥ ಎಲ್ಲ ಊರುಗಳಿಗೂ ಹೆಸರಾಗಿ ಮಾಡಿಕೊಂಡರು. ಸ್ಪಾದ ಆ ಪ್ರಸಿದ್ಧ ಬುಗ್ಗೆಗಳು ತಣ್ಣೀರಿನವು! ತೆರ್ಮೆ ಬಿಸಿಯಿಂದ ಹುಟ್ಟಿತು, ಸ್ಪಾ ತಂಪಿನಿಂದ. ಇಂದು ಎರಡೂ ಒಂದೇ ಹೋಟೆಲಿನ ಒಂದೇ ಫಲಕದಲ್ಲಿವೆ. ಸ್ಪಾ ಎಂಬುದು 'ಸಲೂಸ್ ಪೆರ್ ಅಕ್ವಂ', ನೀರಿನಿಂದ ಸ್ವಾಸ್ಥ್ಯ, ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳೆಂಬ ಕತೆ ಲೋಕವೆಲ್ಲ ಹಬ್ಬಿದೆ. ಪ್ರಾಚೀನ ರೋಮನರಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಈ ಕಲ್ಪಿತ ವ್ಯುತ್ಪತ್ತಿಗೆ ಇಟಲಿಯಲ್ಲಿ ಸಿಕ್ಕ ಪಟ್ಟ ಇನ್ನೆಲ್ಲಾದರೂ ಸಿಕ್ಕಿದೆಯೋ ಕಾಣೆ: 2000ದ ಅಕ್ಟೋಬರ್ 24ರ 323ನೆಯ ಕಾನೂನು ತೆರ್ಮೆ, ತೆರ್ಮಾಲೆ, ತೆರ್ಮಾಲೆ ನೀರು, ತೆರ್ಮಾಲೆ ಕೆಸರು ಮುಂತಾದ ಪದಗಳನ್ನು ರೋಗಪರಿಹಾರಕ ಗುಣ ಮಾನ್ಯವಾದ ಕಡೆಗಳಿಗೆ ಮಾತ್ರ ಬಳಸಬೇಕೆಂದು ಪಟ್ಟಿ ಮಾಡುವಾಗ, ಸ್ಪಾ ಎಂಬುದನ್ನೂ ಆ ಲ್ಯಾಟಿನ್ ಬಿಡಿಸಿಕೆಯ ಸಮೇತ ಸೇರಿಸಿತು. ಜನಪದದ ಊಹೆ ಶಾಸನದ ಪಾಠವಾಯಿತು.

ಆ ಕಾನೂನಿನ ಮುಖ್ಯ ಫಲ ಬೇರೆ. ರೋಮನರು ಕಟ್ಟಡಕ್ಕೆ ಕೊಂಡೊಯ್ದಿದ್ದ ಪದವನ್ನು ಅದು ನೆಲದ ನೀರಿಗೆ ಮರಳಿಸಿತು. ಬಾಯ್ಲರಿನಲ್ಲಿ ನಲ್ಲಿನೀರು ಕಾಯಿಸಿದವರು, ಕೊಳದ ಸುತ್ತ ಎಷ್ಟೇ ಹುಲ್ಲು-ಕಲ್ಲು-ಮರ ಜೋಡಿಸಿದರೂ ತೆರ್ಮೆ ಎನ್ನುವಂತಿಲ್ಲ; ಎನ್ನಬೇಕಾದರೆ ನೆಲದ ನೀರೇ ಬೇಕು. ಮಾನ್ಯತೆ ಪಡೆದ ತೆರ್ಮೆಗೆ ವೈದ್ಯರ ಚೀಟಿ ಹಿಡಿದು ಬಂದವರಿಗೆ ವರ್ಷಕ್ಕೊಂದು ಸರದಿಯ ಚಿಕಿತ್ಸೆಯ ಖರ್ಚಿನ ದೊಡ್ಡ ಪಾಲನ್ನು ಸರಕಾರದ ಆರೋಗ್ಯ ವ್ಯವಸ್ಥೆ ಹೊರುತ್ತದೆ. ಹೀಗಾಗಿ ಅಲ್ಲಿ ಹೋಟೆಲೂ ಆಸ್ಪತ್ರೆಯೂ ಒಂದೇ ಅಂಗಳದಲ್ಲಿ ಇರುತ್ತವೆ. ಇರಲೇಬೇಕು, ಅತಿಥಿಗೃಹ ಎನ್ನುವ ಲ್ಯಾಟಿನ್ನಿನ ಹೊಸ್ಪಿತಾಲೆ ಎಂಬ ಒಂದೇ ಪದ ಫ್ರೆಂಚಿನಲ್ಲಿ ಸವೆದು ಹೋಟೆಲಾಯಿತು, ಸವೆಯದೆ ಹಾಸ್ಪಿಟಲಾಗಿ ಉಳಿಯಿತು, ಕನ್ನಡದ ಬಾಯಲ್ಲಿ ತಿರುಗಿ ಆಸ್ಪತ್ರೆಯಾಯಿತು. ನಮ್ಮಲ್ಲಿ ಹೋಟೆಲು ಇಡ್ಲಿ-ಕಾಫಿಯ ಜಾಗವಾಗಿ, ತಂಗುವ ಅರ್ಥ ಲಾಡ್ಜಿಗೆ ಹೋಗಿ, ಆಸ್ಪತ್ರೆ ಎಲ್ಲೋ ದೂರ ನಿಂತಿತು. ಆ ಅಣ್ಣತಮ್ಮಂದಿರು ಮತ್ತೆ ಜೊತೆಗೂಡಿದ್ದನ್ನು ಕಾಣಲು ಬಿಸಿನೀರಿನ ಬಳಿಗೆ ಹೋಗಬೇಕಾಯಿತು.

ಹಾಗಾದರೆ ಬುಗ್ಗೆಯಿಲ್ಲದ, ನೀರು ಕಾಯಿಸಿಯೇ ಬೆಚ್ಚಗಾಗುವ ಹೋಟೆಲುಗಳು ತಮ್ಮ ಸ್ನಾನದ ಮನೆಗೆ ಏನೆನ್ನಬೇಕು? ಅವರಿಗೆ ಒದಗಿಬಂದ ಮಾತು 'ಚೆಂತ್ರೊ ಬೆನೆಸ್ಸೆರೆ'. ಬೇನೆ ಎಂದರೆ ಚೆನ್ನಾಗಿ, ಎಸ್ಸೆರೆ ಎಂದರೆ ಇರುವುದು, ಚೆನ್ನಾಗಿರುವುದರ ಕೇಂದ್ರ. ಈ ಎಸ್ಸೆರೆಯ ಧಾತು ಲ್ಯಾಟಿನ್ನಿನಲ್ಲಿ ಎಸ್, ಸಂಸ್ಕೃತದಲ್ಲಿ ಅಸ್, ಅಸ್ತಿಯ ಅಸ್. ಸು ಎಂದರೆ ಚೆನ್ನಾಗಿ, ಅಸ್ತಿ ಎಂದರೆ ಇರುವುದು. ಎರಡೂ ಕೂಡಿದರೆ ಸ್ವಸ್ತಿ. ತೆರ್ಮೆ ಎಂದು ಹೇಳಿಕೊಳ್ಳುವ ಹಕ್ಕಿಲ್ಲದ ಆ ಹೋಟೆಲುಗಳು ಬಾಗಿಲ ಮೇಲೆ ಬರೆಸಿಕೊಂಡ ಮಾತು, ನಮ್ಮ ಪೂರ್ವಿಕರು ಎಷ್ಟೋ ಶಿಲಾಶಾಸನಗಳ ಮೊದಲ ಸಾಲಿನಲ್ಲಿ ಕಡೆಸಿದ ಮಾತು.